ಗೋಡೆಯ ಎರಡೂ ಬದಿಗೆ ಕೇಳಿಸಿದ ಪಿಯಾನೊ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೊ ನಮ್ಮ ನಾಡಿನ ಬಹುಪಾಲು ಜನರಿಗೆ ದೂರದ ವಾದ್ಯ. ಹಳೆಯ ಹಿಂದಿ ಸಿನಿಮಾಗಳಲ್ಲಿ ಶ್ರೀಮಂತರ ಮನೆಯ ಹಜಾರದಲ್ಲಿ ನಾಯಕ ಅದರ ಮುಂದೆ ಕುಳಿತು ವಿರಹದ ಹಾಡು ಹಾಡುವುದನ್ನು ನಾವು ನೋಡಿದ್ದೇವೆ. ಅದರಾಚೆಗೆ ನಮಗೂ ಅದಕ್ಕೂ ಹೆಚ್ಚಿನ ಬಳಕೆಯಿಲ್ಲ. ಹೀಗಿರುವಾಗ ಬರ್ಲಿನ್ನಿನಲ್ಲಿ ನೆಲೆಸಿರುವ ಯಹೂದಿ ಪಿಯಾನೊ ವಾದಕರೊಬ್ಬರ ಬದುಕನ್ನು ಕನ್ನಡದ ಓದುಗರ ಮುಂದೆ ಇಡುವುದಕ್ಕೆ ಕಾರಣ ಬೇಕು. ಕಾರಣ ಇದೆ. ಡೇನಿಯಲ್ ಬ್ಯಾರೆನ್‌ಬಾಯ್ಮ್ ಇಸ್ರೇಲಿನ ಪ್ರಜೆ; 2008ರಿಂದ ಫೆಲೆಸ್ತೀನಿನ ಪ್ರಜೆಯೂ ಹೌದು. ಒಬ್ಬನೇ ಮನುಷ್ಯನ ಜೇಬಿನಲ್ಲಿ ಈ ಎರಡು ಪಾಸ್‌ಪೋರ್ಟ್‌ಗಳು ಸೇರಿದ್ದು ಹೇಗೆ ಎಂಬುದೇ ಒಂದು ಚರಿತ್ರೆ. ಕಲೆಗೂ ನ್ಯಾಯಕ್ಕೂ ಏನು ಸಂಬಂಧ, ಕಲಾವಿದನ ಹೊಣೆ ಎಲ್ಲಿಯವರೆಗೆ ಎಂದು ನಾವು ಆಗಾಗ ಕೇಳಿಕೊಳ್ಳುವ ಪ್ರಶ್ನೆಗಳಿಗೂ ಆ ಚರಿತ್ರೆಗೂ ನಂಟಿದೆ.

ಪಿಯಾನೊ ಬಾರದವರೂ ಇದ್ದಾರೆಯೇ?

ಬ್ಯಾರೆನ್‌ಬಾಯ್ಮ್ ಹುಟ್ಟಿದ್ದು 1942ರ ನವೆಂಬರ್ 15ರಂದು, ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನ. ತಂದೆ ಎನ್ರಿಕೆ, ತಾಯಿ ಐದಾ ಇಬ್ಬರೂ ಪಿಯಾನೊ ಕಲಿಸುವವರು. ಐದನೇ ವಯಸ್ಸಿನಲ್ಲಿ ತಾಯಿ ಪಾಠ ಆರಂಭಿಸಿದರು, ಆಮೇಲೆ ತಂದೆ ಮುಂದುವರಿಸಿದರು. ಪಿಯಾನೊದಲ್ಲಿ ಅವರಿಗೆ ಇವರಿಬ್ಬರ ಹೊರತು ಬೇರೆ ಗುರುಗಳಿಲ್ಲ. ಮನೆಯ ಗಂಟೆ ಬಾರಿಸಿ ಒಳಗೆ ಬರುವವರೆಲ್ಲ ಪಾಠಕ್ಕೆ ಬರುವವರೇ ಆಗಿದ್ದರಿಂದ, ಜಗತ್ತಿನಲ್ಲಿ ಎಲ್ಲರಿಗೂ ಪಿಯಾನೊ ಬರುತ್ತದೆ ಎಂದೇ ಆ ಹುಡುಗ ನಂಬಿದ್ದನಂತೆ. ಬಾರದವರೂ ಇದ್ದಾರೆ ಎಂದು ತಿಳಿದಾಗ ಅಚ್ಚರಿಪಟ್ಟಿದ್ದನ್ನು ದೊಡ್ಡವರಾದ ಮೇಲೆ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ.

1950ರಲ್ಲಿ, ಏಳು ವರ್ಷದ ಬಾಲಕ ಬ್ಯೂನಸ್ ಐರಿಸ್‌ನಲ್ಲಿ ಮೊದಲ ಸಾರ್ವಜನಿಕ ಕಛೇರಿ ನಡೆಸಿದ. ಎರಡು ವರ್ಷಗಳ ನಂತರ, 1952ರಲ್ಲಿ, ಕುಟುಂಬ ಇಸ್ರೇಲಿಗೆ ತೆರಳಿತು. ಆ ದೇಶ ಸ್ಥಾಪನೆಯಾಗಿ ಆಗ ಬರೀ ನಾಲ್ಕು ವರ್ಷವಾಗಿತ್ತು. ಅದೇ ನಾಲ್ಕು ವರ್ಷಗಳ ಹಿಂದೆ ಲಕ್ಷಾಂತರ ಫೆಲೆಸ್ತೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರ ಶಿಬಿರ ಸೇರಿದ್ದರು. ಹತ್ತು ವರ್ಷದ ಹುಡುಗನಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಒಂದು ಜನಾಂಗಕ್ಕೆ ಮನೆ ಸಿಕ್ಕಿದ ಕತೆಯೂ ಇನ್ನೊಂದು ಜನಾಂಗದ ಮನೆ ಹೋದ ಕತೆಯೂ ಒಂದೇ ನೆಲದ ಮೇಲೆ ನಡೆದವು ಎಂಬುದು ಅವರಿಗೆ ಅರ್ಥವಾದದ್ದು ಬಹಳ ತಡವಾಗಿ.

ಬರ್ಲಿನ್ನಿನ ಕರೆ, ತಂದೆಯ ಉತ್ತರ

1954ರ ಬೇಸಿಗೆ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಇಗೋರ್ ಮಾರ್ಕೆವಿಚ್ ಅವರ ವಾದ್ಯವೃಂದ ನಿರ್ದೇಶನದ ತರಗತಿಗೆ ಹನ್ನೊಂದರ ಈ ಹುಡುಗ ಸೇರಿದ್ದ. ಅಲ್ಲಿ ಅವನು ನುಡಿಸಿದ್ದನ್ನು ಜರ್ಮನಿಯ ಮಹಾನ್ ಸಂಗೀತ ನಿರ್ದೇಶಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಕೇಳಿದರು. ಕೇಳಿ, ಈ ಬಾಲಕ ಅದ್ಭುತ ಪ್ರತಿಭೆ ಎಂದು ಪತ್ರ ಬರೆದುಕೊಟ್ಟರು. ಜಗತ್ತಿನ ಸಭಾಂಗಣಗಳ ಬಾಗಿಲು ತೆರೆಯಲು ಆ ಒಂದು ಕಾಗದವೇ ಸಾಕಾಯಿತು. ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಬಂದು ನುಡಿಸುವಂತೆಯೂ ಅವರು ಕರೆದರು.

ಇಂಥ ಅವಕಾಶವನ್ನು ಯಾವ ತಂದೆ ಬಿಟ್ಟುಕೊಟ್ಟಾನು? ಎನ್ರಿಕೆ ಬ್ಯಾರೆನ್‌ಬಾಯ್ಮ್ ಬಿಟ್ಟುಕೊಟ್ಟರು. ಯುದ್ಧ ಮುಗಿದು ಒಂಬತ್ತೇ ವರ್ಷವಾಗಿದೆ, ಯಹೂದಿ ಮನೆತನವೊಂದು ಬರ್ಲಿನ್ನಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ ಎಂದು ಅವರು ವಿನಯದಿಂದಲೇ ತಿಳಿಸಿದರು. ಫುರ್ಟ್‌ವೆಂಗ್ಲರ್ ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಹೋಗದೆ ಅಲ್ಲೇ ಉಳಿದಿದ್ದವರು. ಅದಕ್ಕಾಗಿ ಯುದ್ಧಾನಂತರ ವಿಚಾರಣೆ ಎದುರಿಸಿ ದೋಷಮುಕ್ತರಾದವರು. ಅಂಥವರ ಮೆಚ್ಚುಗೆ ಪತ್ರ ಹುಡುಗನ ಕೈಯಲ್ಲಿತ್ತು, ಅವರ ಊರಿಗೆ ಹೋಗಲಾರೆವು ಎಂಬ ಮಾತು ತಂದೆಯ ಬಾಯಲ್ಲಿತ್ತು. ಸಂಗೀತವು ರಾಜಕೀಯದಿಂದ ಬೇರೆಯೇ ಆದ ಒಂದು ಲೋಕ ಎಂದು ನಂಬುವ ಸೌಲಭ್ಯ ಈ ಹುಡುಗನಿಗೆ ಹನ್ನೊಂದರಲ್ಲೇ ತಪ್ಪಿಹೋಯಿತು.

ಆ ಮೇಲಿನ ಏಳಿಗೆ ವೇಗದ್ದು. ಪ್ಯಾರಿಸ್‌ನಲ್ಲಿ ನಾದಿಯಾ ಬುಲಾಂಜೆ ಅವರ ಬಳಿ ಸಂಗೀತ ರಚನೆಯ ಅಭ್ಯಾಸ, 1956ರಲ್ಲಿ ಲಂಡನ್ನಿನಲ್ಲಿ, 1957ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಕಛೇರಿ. ಬೀಥೋವನ್ ಪಿಯಾನೊಗಾಗಿ ಬರೆದ 32 ಸೊನಾಟಾಗಳನ್ನು ಹದಿಹರೆಯದಲ್ಲೇ ಕರಗತ ಮಾಡಿಕೊಂಡು ಟೆಲ್ ಅವೀವ್‌ನಲ್ಲಿ ಸರಣಿಯಾಗಿ ನುಡಿಸಿದರು. ಹತ್ತು ಗಂಟೆಗೂ ಮೀರಿದ ಸಂಗೀತವದು. ಒಂದು ಟಿಪ್ಪಣಿಯೂ ಮುಂದಿಲ್ಲದೆ, ಎರಡೂ ಕೈಗಳ ಬೇರೆ ಬೇರೆ ಸ್ವರಗಳ ಸಮೇತ, ಅಷ್ಟನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಾಫಿಝ್‌ಗಳನ್ನು ಬಲ್ಲ ನಮ್ಮ ಓದುಗರಿಗೆ ಈ ಬಗೆಯ ಕಂಠಪಾಠದ ಹಿಂದಿನ ಶ್ರಮ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಸೊನಾಟಾಗಳಿಗೆ ಅವರು ಬದುಕಿನುದ್ದಕ್ಕೂ ಮರಳಿ ಮರಳಿ ಬಂದರು. 1960ರ ದಶಕದಲ್ಲಿ ಮೊದಲ ಧ್ವನಿಮುದ್ರಣ. ಕೊರೋನಾದಿಂದ ಸಭಾಂಗಣಗಳು ಮುಚ್ಚಿದ್ದ 2020ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಮತ್ತೊಮ್ಮೆ ಪೂರ್ಣ ಧ್ವನಿಮುದ್ರಣ.

ಲಂಡನ್ನಿನ ದಿನಗಳು

1960ರ ದಶಕದ ಲಂಡನ್ ಯುವ ಸಂಗೀತಗಾರರ ಒಂದು ಗೆಳೆಯರ ಬಳಗವನ್ನು ಬೆಳೆಸಿತು. ಅದರಲ್ಲಿ ನಮ್ಮ ಮುಂಬೈಯ ಪಾರ್ಸಿ ಯುವಕ ಝುಬಿನ್ ಮೆಹ್ತಾ ಇದ್ದರು, ಪಿಟೀಲಿನ ಇಟ್ಜಾಕ್ ಪರ್ಲ್‌ಮನ್ ಇದ್ದರು, ಚೆಲ್ಲೊ ವಾದ್ಯದಲ್ಲಿ ಬ್ರಿಟನ್ನಿನ ಕಣ್ಮಣಿಯಾಗಿದ್ದ ಜಾಕ್ವೆಲಿನ್ ಡು ಪ್ರೆ ಇದ್ದರು. 1967ರ ಜೂನ್ ಯುದ್ಧಕ್ಕೆ ಮೊದಲು ಡೇನಿಯಲ್ ಮತ್ತು ಜಾಕ್ವೆಲಿನ್ ಇಸ್ರೇಲಿಗೆ ಹಾರಿ, ಅಲ್ಲಿನ ಸೈನಿಕರಿಗಾಗಿಯೂ ಜನರಿಗಾಗಿಯೂ ಕಛೇರಿ ನಡೆಸಿದರು. ಯುದ್ಧ ಮುಗಿದ ಐದನೇ ದಿನ, ಜೂನ್ 15ರಂದು, ಆಗಷ್ಟೇ ಇಸ್ರೇಲಿನ ಕೈಸೇರಿದ್ದ ಜೆರುಸಲೇಮಿನ ಹಳೆ ನಗರದ ಪಶ್ಚಿಮ ಗೋಡೆಯ ಬಳಿ ಅವರ ಮದುವೆ ನಡೆಯಿತು. ಜಾಕ್ವೆಲಿನ್ ಯಹೂದಿ ಧರ್ಮ ಸ್ವೀಕರಿಸಿದ್ದರು. ಮದುವೆಯ ವಿಧಿಗೆ ಯಹೂದಿಯೇ ಸಾಕ್ಷಿಯಾಗಬೇಕು ಎಂಬ ಕಾರಣಕ್ಕೆ ಝುಬಿನ್ ಮೆಹ್ತಾ ತನ್ನನ್ನು ಪರ್ಶಿಯಾದಿಂದ ಬಂದ ಮೋಶೆ ಕೋಹನ್ ಎಂದು ಪರಿಚಯಿಸಿಕೊಂಡರು ಎಂಬ ಕತೆಯನ್ನು ಗೆಳೆಯರು ಇಂದಿಗೂ ಹೇಳಿ ನಗುತ್ತಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಜೂನ್ ತಿಂಗಳು ಅವರ ಪಾಲಿಗೆ ಸಂಭ್ರಮದ್ದು. ಪೂರ್ವ ಜೆರುಸಲೇಮ್, ಪಶ್ಚಿಮ ದಂಡೆ ಮತ್ತು ಗಾಝಾದ ಜನರಿಗೆ ಅದೇ ಜೂನ್ ಆಕ್ರಮಣದ ಆರಂಭ. ಇಪ್ಪತ್ತನಾಲ್ಕರ ಡೇನಿಯಲ್ ಆಗ ಎಲ್ಲ ಇಸ್ರೇಲಿ ಯುವಕರಂತೆಯೇ ಯೋಚಿಸುತ್ತಿದ್ದರು. ಹುಟ್ಟುವಾಗಲೇ ನ್ಯಾಯದ ಪರ ನಿಂತವರ ಕತೆ ಇದಲ್ಲ. ಆ ಕಾರಣಕ್ಕೇ ಇದನ್ನು ನಾವು ನಂಬಬಹುದು.

ಅವರ ಯೋಚನೆ ಕದಲಿದ್ದು ಒಂದು ಹೇಳಿಕೆಯಿಂದ. ಫೆಲೆಸ್ತೀನಿಯರು ಎಂಬ ಒಂದು ಜನಾಂಗವೇ ಇರಲಿಲ್ಲ ಎಂಬ ಅರ್ಥದ ಮಾತನ್ನು ಅಂದಿನ ಪ್ರಧಾನಿ ಗೋಲ್ಡಾ ಮೇಯರ್ 1969ರಲ್ಲಿ ಆಡಿದರು. ಕಣ್ಣೆದುರು ಇರುವ ಜನರನ್ನು ಇಲ್ಲವೆನ್ನುವುದು ಹೇಗೆ ಎಂದು ತಾನು ಕೇಳಿಕೊಳ್ಳಲಾರಂಭಿಸಿದ್ದು ಅಲ್ಲಿಂದ ಎಂದು ಬ್ಯಾರೆನ್‌ಬಾಯ್ಮ್ ಹಲವು ಸಲ ಹೇಳಿದ್ದಾರೆ.

ಸಂಸಾರದಲ್ಲಿ ಅವರಿಗೆ ಬಂದ ಕಷ್ಟ ಸಣ್ಣದಲ್ಲ. 1973ರಲ್ಲಿ, ಇಪ್ಪತ್ತೆಂಟರ ಪ್ರಾಯದ ಜಾಕ್ವೆಲಿನ್‌ಗೆ ನರಮಂಡಲವನ್ನು ಕುಂದಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇದೆಯೆಂದು ಗೊತ್ತಾಯಿತು. ಬೆರಳುಗಳು ಸೋತವು, ಚೆಲ್ಲೊ ಮೂಲೆ ಸೇರಿತು. 1987ರ ಅಕ್ಟೋಬರ್ 19ರಂದು, ನಲವತ್ತೆರಡರ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಬ್ಯಾರೆನ್‌ಬಾಯ್ಮ್ ಪ್ಯಾರಿಸ್‌ನಲ್ಲಿ ಪಿಯಾನೊ ವಾದಕಿ ಎಲೆನಾ ಬಾಷ್ಕಿರೋವಾ ಜೊತೆ ಇನ್ನೊಂದು ಸಂಸಾರ ಕಟ್ಟಿಕೊಂಡಿದ್ದರು. 1988ರಲ್ಲಿ ಅವರನ್ನು ಮದುವೆಯಾದರು. ಈ ಬಗ್ಗೆ ಅವರನ್ನು ಟೀಕಿಸಿದವರಿದ್ದಾರೆ, ಅರ್ಥಮಾಡಿಕೊಂಡವರೂ ಇದ್ದಾರೆ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ಈ ನಡುವೆ ಪಿಯಾನೊ ವಾದಕ ವಾದ್ಯವೃಂದದ ನಾಯಕನೂ ಆಗಿದ್ದರು. ಮೊಝಾರ್ಟ್‌ನ ಕಾನ್ಸರ್ಟೊಗಳನ್ನು ಪಿಯಾನೊ ಮುಂದೆ ಕುಳಿತೇ, ನುಡಿಸುತ್ತಲೇ ಇಡೀ ಮೇಳವನ್ನು ನಡೆಸುವ ಪದ್ಧತಿಯಲ್ಲಿ ಹೆಸರು ಮಾಡಿದರು. 1975ರಿಂದ 1989ರವರೆಗೆ ಪ್ಯಾರಿಸ್, 1991ರಿಂದ 2006ರವರೆಗೆ ಶಿಕಾಗೊ, 1992ರಿಂದ ಮೂರು ದಶಕ ಬರ್ಲಿನ್ನಿನ ಸರಕಾರಿ ಒಪೆರಾ ಭವನ ಹೀಗೆ ದೊಡ್ಡ ಸಂಸ್ಥೆಗಳ ಚುಕ್ಕಾಣಿ ಹಿಡಿದರು. ತಂದೆ ಒಂದು ಕಾಲದಲ್ಲಿ ಹೋಗಲೊಲ್ಲೆ ಎಂದಿದ್ದ ಊರೇ ಕೊನೆಗೆ ಮಗನ ಊರಾಯಿತು.

ಹೋಟೆಲ್ ಲಾಬಿಯ ಗೆಳೆತನ

1990ರ ದಶಕದ ಆರಂಭದಲ್ಲಿ ಲಂಡನ್ನಿನ ಹೋಟೆಲೊಂದರ ಲಾಬಿಯಲ್ಲಿ ಬ್ಯಾರೆನ್‌ಬಾಯ್ಮ್‌ಗೆ ಎಡ್ವರ್ಡ್ ಸೈದ್ ಅಕಸ್ಮಾತ್ ಭೇಟಿಯಾದರು. ಸೈದ್ ನಮ್ಮ ಓದುಗರಿಗೆ ಹೊಸಬರಲ್ಲ. 1935ರಲ್ಲಿ ಜೆರುಸಲೇಮಿನಲ್ಲಿ ಅರಬ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. 1948ರಲ್ಲಿ ಆ ಕುಟುಂಬದ ಮನೆ ಅವರಿಗೆ ಇಲ್ಲವಾಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಪಶ್ಚಿಮದ ವಿದ್ವಾಂಸರು ಪೂರ್ವವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಚಿತ್ರಿಸಿಕೊಂಡ ಬಗೆಯನ್ನು ಬಯಲಿಗೆಳೆದ 1978ರ ‘ಓರಿಯಂಟಲಿಸಂ’ ಗ್ರಂಥದ ಕರ್ತೃ. ಆದರೆ ಅವರು ಕೈರೋದಲ್ಲಿ ಬೆಳೆಯುವಾಗ ಗಂಭೀರವಾಗಿ ಪಿಯಾನೊ ಕಲಿತಿದ್ದರು, ಸಂಗೀತ ವಿಮರ್ಶೆಯನ್ನು ನಿರಂತರ ಬರೆಯುತ್ತಿದ್ದರು ಎಂಬುದು ಹಲವರಿಗೆ ಗೊತ್ತಿಲ್ಲ. ಆ ವಾರವೇ ನಡೆಯಲಿದ್ದ ಬ್ಯಾರೆನ್‌ಬಾಯ್ಮ್ ಕಛೇರಿಗೆ ಅವರು ಟಿಕೆಟ್ ಕೊಂಡಿದ್ದರು.

ಇಬ್ಬರೂ ಮಾತಿನ ಮಲ್ಲರು. ಬೀಥೋವನ್‌ನಿಂದ ಆರಂಭವಾದ ಮಾತು ಓಸ್ಲೊ ಒಪ್ಪಂದಕ್ಕೆ ಬರುತ್ತಿತ್ತು, ಅಲ್ಲಿಂದ ಮತ್ತೆ ಸಂಗೀತಕ್ಕೆ. ಒಬ್ಬರ ಜನ ಹಿಟ್ಲರನ ಹತ್ಯಾಕಾಂಡದಿಂದ ಪಾರಾಗಿ ಬಂದವರು, ಇನ್ನೊಬ್ಬರ ಜನ ಆ ಪಾರಾಗಿ ಬಂದವರಿಗಾಗಿ ನೆಲ ಕಳೆದುಕೊಂಡವರು. ಒಬ್ಬರ ನೋವನ್ನು ಒಪ್ಪಿಕೊಂಡರೆ ತನ್ನ ನೋವು ಕಡಿಮೆಯಾಗುತ್ತದೆ ಎಂದು ಇಬ್ಬರೂ ಭಾವಿಸಲಿಲ್ಲ. 1999ರ ಜನವರಿಯಲ್ಲಿ ಸೈದ್ ಏರ್ಪಾಡಿನಂತೆ ಬ್ಯಾರೆನ್‌ಬಾಯ್ಮ್ ಪಶ್ಚಿಮ ದಂಡೆಯ ಬೀರ್‌ಝೈತ್ ವಿಶ್ವವಿದ್ಯಾನಿಲಯದಲ್ಲಿ ಪಿಯಾನೊ ನುಡಿಸಿದರು. ಆ ಸಭೆಯಲ್ಲಿ ಕುಳಿತಿದ್ದವರಿಗೆ ಇಸ್ರೇಲಿನಿಂದ ಬಂದವನೊಬ್ಬ ತಮಗಾಗಿ ನುಡಿಸುವುದು ಹಿಂದೆಂದೂ ಕಾಣದ ಸಂಗತಿಯಾಗಿತ್ತು.

ವೈಮಾರಿನ ಬೇಸಿಗೆ

ಅದೇ 1999ರ ಬೇಸಿಗೆಯಲ್ಲಿ ಜರ್ಮನಿಯ ವೈಮಾರ್ ಪಟ್ಟಣ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಆ ಊರಲ್ಲಿ ಬಾಳಿದ ಮಹಾಕವಿ ಗಯಟೆ ಹುಟ್ಟಿ 250 ವರ್ಷ ತುಂಬಿತ್ತು. ಇಸ್ರೇಲ್ ಮತ್ತು ಅರಬ್ ದೇಶಗಳ ಯುವ ಸಂಗೀತಗಾರರನ್ನು ಅಲ್ಲಿ ಸೇರಿಸಿ ಗೆಳೆಯರಿಬ್ಬರೂ ಒಂದು ಕಾರ್ಯಾಗಾರ ನಡೆಸಿದರು. ಅದೇ ಮುಂದೆ ‘ವೆಸ್ಟ್-ಈಸ್ಟರ್ನ್ ದಿವಾನ್’ ವಾದ್ಯವೃಂದವಾಯಿತು.

ಹೆಸರಿನ ಕತೆ ಕುತೂಹಲದ್ದು. ದಿವಾನ್ ಎಂದಾಕ್ಷಣ ನಮಗೆ ಮೈಸೂರಿನ ದಿವಾನರು ನೆನಪಾಗುತ್ತಾರೆ. ಪಾರ್ಸಿ ಮತ್ತು ಉರ್ದುವಿನಲ್ಲಿ ಕವಿಯೊಬ್ಬನ ಕವಿತೆಗಳ ಸಂಕಲನಕ್ಕೂ ದೀವಾನ್ ಎನ್ನುತ್ತಾರೆ. ಶೀರಾಝ್‌ನ ಹಾಫಿಝ್‌ನ ದೀವಾನ್ ಜರ್ಮನ್ ಭಾಷೆಗೆ ಬಂದಾಗ ಅದನ್ನು ಓದಿ ಬೆರಗಾದವನು ಗಯಟೆ. ಅರವತ್ತು ದಾಟಿದ ಪ್ರಾಯದಲ್ಲಿ ಅರಬಿ ಲಿಪಿಯನ್ನು ಬರೆದು ಅಭ್ಯಾಸ ಮಾಡಿದ, 1819ರಲ್ಲಿ ‘ಪಶ್ಚಿಮ-ಪೂರ್ವ ದಿವಾನ್’ ಎಂಬ ಕವನ ಸಂಕಲನವನ್ನೇ ಪ್ರಕಟಿಸಿದ. ಪೂರ್ವವನ್ನು ಆಳಲಿಕ್ಕಲ್ಲದೆ ಅರಿಯಲಿಕ್ಕೆ ಹೊರಟ ಪಶ್ಚಿಮದವನೊಬ್ಬನ ಹೆಸರಿನ ನೆರಳಲ್ಲಿ ಈ ಮೇಳ ಹುಟ್ಟಿದ್ದು ‘ಓರಿಯಂಟಲಿಸಂ’ ಬರೆದ ಸೈದ್‌ಗೆ ಎಷ್ಟು ಹಿಡಿಸಿರಬೇಕು! ಅದೇ ವೈಮಾರಿನಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ ಬೂಕನ್‌ವಾಲ್ಡ್ ಇದೆ. ನಾಝಿಗಳು ಮನುಷ್ಯರನ್ನು ಕೂಡಿಹಾಕಿ ಕೊಂದ ಶಿಬಿರ. ಅರಬ್ ಮತ್ತು ಇಸ್ರೇಲಿ ಮಕ್ಕಳು ಜೊತೆಯಾಗಿ ಅಲ್ಲಿಗೂ ಹೋಗಿ ಬಂದರು.

ಆರಂಭದ ದಿನಗಳು ಸಲೀಸಾಗಿರಲಿಲ್ಲ. ಹಗಲು ಬೀಥೋವನ್ ಅಭ್ಯಾಸ, ರಾತ್ರಿ ಸೈದ್ ನಡೆಸುವ ಚರ್ಚೆ. ಸಿರಿಯಾದ ಕೆಲವರು ಇಸ್ರೇಲಿಯೊಬ್ಬನನ್ನು ಹತ್ತಿರದಿಂದ ನೋಡುತ್ತಿರುವುದೇ ಮೊದಲು. ಇಸ್ರೇಲಿಗಳ ಸ್ಥಿತಿಯೂ ಅದೇ. ಒಂದು ಸಂಜೆ ಅರಬ್ ಯುವಕರು ಕೂಡಿ ಅರಬಿ ಸಂಗೀತ ನುಡಿಸುತ್ತಿದ್ದಾಗ ಸೇರಬಯಸಿದ ಇಸ್ರೇಲಿ ಯುವಕನನ್ನು, ಇದು ಅರಬರಿಗೆ ಮಾತ್ರ ಬರುವ ಸಂಗೀತ ಎಂದು ದೂರವಿಟ್ಟರಂತೆ. ಕೆಲವು ದಿನಗಳಾದ ಮೇಲೆ ನೋಡಿದರೆ, ಹಾಗೆ ಹೇಳಿದವರಲ್ಲೇ ಒಬ್ಬ, ಚೀನೀ ಮೂಲದ ಪ್ರಖ್ಯಾತ ಚೆಲ್ಲೊ ವಾದಕ ಯೋ-ಯೋ ಮಾ ಅವರಿಗೆ ಅರಬಿ ಸ್ವರಗಳಿಗೆ ತಂತಿ ಶ್ರುತಿ ಮಾಡುವುದನ್ನು ಕಲಿಸುತ್ತಿದ್ದ. ಚೀನೀಯರಿಗೆ ಬರಬಹುದು ಎಂದು ಅವನು ಅಷ್ಟರಲ್ಲಿ ಒಪ್ಪಿಕೊಂಡಿರಬೇಕು ಎಂದು ಸೈದ್ ತಮಾಷೆ ಮಾಡಿದ್ದುಂಟು.

ವಾದ್ಯವೃಂದದಲ್ಲಿ ಇಬ್ಬಿಬ್ಬರು ವಾದಕರಿಗೆ ಒಂದೇ ಸ್ವರಪುಸ್ತಕದ ಸ್ಟ್ಯಾಂಡ್. ಸಿರಿಯಾದವನೂ ಇಸ್ರೇಲಿಯೂ ಅದನ್ನು ಹಂಚಿಕೊಂಡು ಕುಳಿತರು. ಒಂದೇ ಸ್ವರ, ಒಂದೇ ತೂಕ, ಕಮಾನು ಎಳೆಯುವ ರೀತಿಯೂ ಒಂದೇ ಆಗಬೇಕು. ಪಕ್ಕದವನ ಉಸಿರಿಗೂ ಕಿವಿಗೊಡಬೇಕು. ಅವನಿಗೆ ಕಿವಿಗೊಡದೆ ನುಡಿಸಿದವನ ಸ್ವರವೂ ಕೆಡುತ್ತದೆ. ಬ್ಯಾರೆನ್‌ಬಾಯ್ಮ್ ಹೇಳುವ ಸಮಾನತೆಯ ಪಾಠ ಇಷ್ಟೇ. ಈ ಮೇಳದಿಂದ ಶಾಂತಿ ಸ್ಥಾಪನೆಯಾಗುತ್ತದೆ ಎಂದು ಅವರು ಎಂದೂ ಹೇಳಲಿಲ್ಲ. ಅಜ್ಞಾನದ ವಿರುದ್ಧದ ಕೆಲಸ ಎಂದಷ್ಟೇ ಹೇಳಿದರು.

2002ರಿಂದ ಈ ಮೇಳಕ್ಕೆ ಸ್ಪೇನಿನ ಸೆವಿಲ್ಲೆ ನಗರ ಆಶ್ರಯ ಕೊಟ್ಟಿತು. ಮುಸ್ಲಿಮರೂ ಯಹೂದಿಗಳೂ ಕ್ರೈಸ್ತರೂ ಶತಮಾನಗಳ ಕಾಲ ಒಟ್ಟಿಗೆ ಬಾಳಿದ ಅಂದಲೂಸಿಯಾದ ನೆಲವದು. ಅದೇ ವರ್ಷ ಇಬ್ಬರಿಗೂ ಜೊತೆಯಾಗಿ ಸ್ಪೇನಿನ ಪ್ರತಿಷ್ಠಿತ ಆಸ್ಟೂರಿಯಸ್ ಪ್ರಶಸ್ತಿ ಬಂತು. ಮರುವರ್ಷ, 2003ರ ಸೆಪ್ಟೆಂಬರ್ 25ರಂದು, ಹನ್ನೆರಡು ವರ್ಷ ರಕ್ತದ ಕ್ಯಾನ್ಸರಿನ ಜೊತೆ ಗುದ್ದಾಡಿದ ಸೈದ್ ನಿಧನರಾದರು. ಅವರ ಪತ್ನಿ ಮರಿಯಮ್ ಸೈದ್ ಕೆಲಸವನ್ನು ಮುಂದುವರಿಸಿದರು.

ಜೆರುಸಲೇಮಿನಲ್ಲಿ ಎರಡು ಗದ್ದಲ

ತನ್ನವರ ಎದುರು ನಿಂತು ಮಾತನಾಡುವುದು ಸುಲಭವಲ್ಲ. ಬ್ಯಾರೆನ್‌ಬಾಯ್ಮ್ ಅದನ್ನು ಎರಡು ಸಲ ಮಾಡಿದರು.

ಮೊದಲನೆಯದು 2001ರ ಜುಲೈ 7ರಂದು. ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್ ಯಹೂದಿದ್ವೇಷಿ. ಹಿಟ್ಲರನ ಮೆಚ್ಚಿನ ಸಂಗೀತಗಾರ. 1938ರಿಂದ ಅಲ್ಲಿನ ವಾದ್ಯವೃಂದಗಳು ಅವನ ಕೃತಿಗಳನ್ನು ನುಡಿಸುತ್ತಿರಲಿಲ್ಲ. ಜೆರುಸಲೇಮಿನ ಇಸ್ರೇಲ್ ಉತ್ಸವದಲ್ಲಿ ವಾಗ್ನರನನ್ನು ನುಡಿಸುವ ಯೋಜನೆ ವಿರೋಧದಿಂದ ರದ್ದಾಯಿತು. ಒಪ್ಪಿದ ಕಾರ್ಯಕ್ರಮ ಮುಗಿದ ಮೇಲೆ ಬ್ಯಾರೆನ್‌ಬಾಯ್ಮ್ ಸಭಿಕರತ್ತ ತಿರುಗಿ, ಬೇಕಿದ್ದವರಿಗಾಗಿ ವಾಗ್ನರನ ಒಂದು ತುಣುಕು ನುಡಿಸಲೇ ಎಂದು ಕೇಳಿದರು. ಅರ್ಧ ಗಂಟೆ ವಾಗ್ವಾದ ನಡೆಯಿತು. ಕೆಲವರು ಫ್ಯಾಸಿಸ್ಟ್ ಎಂದು ಕೂಗಿ ಬಾಗಿಲು ಬಡಿದು ಹೊರಟರು, ಹೆಚ್ಚಿನವರು ಕುಳಿತು ಕೇಳಿದರು. ಪತ್ರಿಕಾಗೋಷ್ಠಿಯೊಂದರಲ್ಲಿ ಯಾರದೋ ಮೊಬೈಲ್ ಫೋನಿನ ರಿಂಗ್‌ಟೋನಾಗಿ ವಾಗ್ನರನ ಸ್ವರ ಕೇಳಿಬಂದಿತ್ತು; ಫೋನಿನಲ್ಲಿ ಬರಬಹುದಾದದ್ದು ಸಭಾಂಗಣದಲ್ಲಿ ಯಾಕೆ ಬರಬಾರದು ಎಂಬುದು ಅವರ ಪ್ರಶ್ನೆ. ಹತ್ಯಾಕಾಂಡದಿಂದ ಬದುಕಿ ಉಳಿದ ಮುದುಕರ ಗಾಯವನ್ನು ಕೆದಕುವ ಹಕ್ಕು ಇವರಿಗೆ ಇತ್ತೇ ಎಂದು ಕೇಳಿದವರ ಮಾತಿನಲ್ಲೂ ಹುರುಳಿದೆ. ಅದೇ ತಿಂಗಳು ಇಸ್ರೇಲಿ ಸಂಸತ್ತಿನ ಸಮಿತಿಯೊಂದು ಅವರು ಕ್ಷಮೆ ಕೇಳುವ ತನಕ ಬಹಿಷ್ಕರಿಸಬೇಕೆಂದು ಕರೆ ಕೊಟ್ಟಿತು.

ಎರಡನೆಯದು 2004ರ ಮೇ ತಿಂಗಳಲ್ಲಿ, ಅದೇ ಸಂಸತ್ ಭವನದೊಳಗೆ. ಇಸ್ರೇಲಿನ ವುಲ್ಫ್ ಪ್ರಶಸ್ತಿ ಸ್ವೀಕರಿಸಲು ಹೋದವರು, ಆ ದೇಶದ 1948ರ ಸ್ವಾತಂತ್ರ್ಯ ಘೋಷಣೆಯನ್ನೇ ಕೈಯಲ್ಲಿ ಹಿಡಿದು ಓದಿದರು. ಧರ್ಮ, ಜನಾಂಗ ನೋಡದೆ ಎಲ್ಲರಿಗೂ ಸಮಾನ ಹಕ್ಕು ನೀಡುವ ವಾಗ್ದಾನ ಅದರಲ್ಲಿದೆ. ಇನ್ನೊಂದು ಜನರ ನೆಲವನ್ನು ಆಕ್ರಮಿಸಿ ಅವರ ಮೇಲೆ ಯಜಮಾನಿಕೆ ನಡೆಸುವುದು ಈ ವಾಗ್ದಾನಕ್ಕೆ ಹೊಂದುತ್ತದೆಯೇ ಎಂದು ಸಚಿವರು, ರಾಷ್ಟ್ರಾಧ್ಯಕ್ಷರ ಸಮ್ಮುಖದಲ್ಲೇ ಕೇಳಿದರು. ಶಿಕ್ಷಣ ಸಚಿವೆ ಲಿಮೋರ್ ಲಿವ್ನಾತ್ ಅದೇ ವೇದಿಕೆಯಿಂದ ಅವರನ್ನು ಖಂಡಿಸಿದರು. ಪ್ರಶಸ್ತಿಯ ಹಣವನ್ನು ಅವರು ಸಂಗೀತ ಶಿಕ್ಷಣಕ್ಕೆ ಕೊಟ್ಟುಬಿಟ್ಟರು. ಸತ್ಕರಿಸಿದವರ ಮನೆಯಲ್ಲೇ ಸತ್ಯ ಹೇಳಿ ಬಂದ ಕಲಾವಿದರು ಯಾವ ದೇಶದಲ್ಲೂ ಹೆಚ್ಚಿಲ್ಲ.

ರಾಮಲ್ಲಾ ಮತ್ತು ಗಾಝಾ

ಗಡಿಯಾಚೆಗೆ ಹೋಗಿ ನುಡಿಸುವುದು ಗೆಳೆಯ ಸೈದ್ ಜೊತೆ ಕಂಡ ಕನಸಾಗಿತ್ತು. 2005ರ ಆಗಸ್ಟ್ 21ರಂದು ದಿವಾನ್ ಮೇಳ ರಾಮಲ್ಲಾದಲ್ಲಿ ನುಡಿಸಿತು. ಇಸ್ರೇಲಿಗಳು ಅಲ್ಲಿಗೆ ಹೋಗುವುದನ್ನು ಇಸ್ರೇಲಿನ ಕಾನೂನು ನಿಷೇಧಿಸುತ್ತದೆ. ಸಿರಿಯಾ, ಲೆಬನಾನಿನವರು ಇಸ್ರೇಲಿ ಕಾವಲಿನ ಗಡಿ ದಾಟುವುದು ಅವರ ದೇಶಗಳಲ್ಲಿ ಅಪರಾಧ. ಸ್ಪೇನ್ ಸರಕಾರ ಎಲ್ಲರಿಗೂ ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಟ್ಟು ದಾರಿ ಮಾಡಿತು. ಒಂದು ಗುಂಪು ಇಸ್ರೇಲ್ ಕಡೆಯಿಂದ, ಇನ್ನೊಂದು ಗುಂಪು ಜೋರ್ಡಾನ್ ಕಡೆಯಿಂದ ಬಂದು ಒಂದೇ ವೇದಿಕೆ ಏರಿದವು. ಬೀಥೋವನ್‌ನ ಐದನೇ ಸಿಂಫನಿಯಿದ್ದ ಕಛೇರಿ ಮುಗಿದ ತಕ್ಷಣ ಇಸ್ರೇಲಿ ಸದಸ್ಯರು ಅವಸರವಾಗಿ ಹಿಂತಿರುಗಬೇಕಾಯಿತು. ಜೊತೆಯಾಗಿ ನುಡಿಸಿದವರು ಜೊತೆಯಾಗಿ ಊಟಕ್ಕೆ ಕೂರಲಾಗಲಿಲ್ಲ. ಸಂಗೀತಕ್ಕೆ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಡ.

ರಾಮಲ್ಲಾದ ಮಕ್ಕಳೆದುರು ಪಿಯಾನೊ ನುಡಿಸಿದಾಗ, ಇಸ್ರೇಲಿನಿಂದ ಬಂದದ್ದರಲ್ಲಿ ಸೈನಿಕನೂ ಟ್ಯಾಂಕೂ ಅಲ್ಲದ್ದನ್ನು ನೋಡುತ್ತಿರುವುದು ಇದೇ ಮೊದಲು ಎಂದು ಒಬ್ಬ ಹುಡುಗಿ ಹೇಳಿದ್ದನ್ನು ಬ್ಯಾರೆನ್‌ಬಾಯ್ಮ್ ಮತ್ತೆ ಮತ್ತೆ ನೆನೆಯುತ್ತಾರೆ. 2008ರ ಜನವರಿಯಲ್ಲಿ ಅಲ್ಲಿ ಬೀಥೋವನ್ ಕಛೇರಿ ಕೊಟ್ಟ ಸಂದರ್ಭದಲ್ಲಿ ಫೆಲೆಸ್ತೀನಿನ ಪೌರತ್ವವನ್ನು ಸ್ವೀಕರಿಸಿರುವುದು ಬಹಿರಂಗವಾಯಿತು. ಇಸ್ರೇಲಿನ ಕೆಲವು ರಾಜಕಾರಣಿಗಳು ಅವರ ಇಸ್ರೇಲಿ ಪೌರತ್ವ ಕಿತ್ತುಕೊಳ್ಳಬೇಕೆಂದರು. ಎರಡು ಜನಾಂಗಗಳ ಹಣೆಬರಹ ಒಂದಕ್ಕೊಂದು ಗಂಟುಬಿದ್ದಿದೆ, ಅದಕ್ಕೆ ಇದು ಗುರುತು ಎಂಬುದು ಅವರ ಸಮಜಾಯಿಷಿ.

2011ರ ಮೇ 3ರಂದು ಅವರು ಗಾಝಾ ತಲುಪಿದರು. ಬರ್ಲಿನ್, ವಿಯೆನ್ನಾ, ಪ್ಯಾರಿಸ್, ಮಿಲಾನಿನ ವಾದ್ಯವೃಂದಗಳಿಂದ ಆಯ್ದ ಸುಮಾರು ಇಪ್ಪತ್ತೈದು ಮಂದಿ ಜೊತೆಗಿದ್ದರು. ವಿಶ್ವಸಂಸ್ಥೆಯ ನೆರವಿನಿಂದ, ಈಜಿಪ್ಟಿನ ದಾರಿಯಾಗಿ, ದಿಗ್ಬಂಧನದ ಒಳಗೆ ಹೋದರು. ನುಡಿಸಿದ್ದು ಮೊಝಾರ್ಟ್, ಅದರಲ್ಲಿ ನಲವತ್ತನೇ ಸಿಂಫನಿಯೂ ಇತ್ತು. ಅದರ ಆರಂಭದ ಸ್ವರಗಳು ಕೇಳಿಬಂದಾಗ ಗಾಝಾದ ಜನಕ್ಕೆ ಅದು ಪರಕೀಯ ಎನಿಸಿರಲಾರದು. ಅರಬ್ ಜಗತ್ತಿನ ಮನೆಮಾತಾಗಿರುವ ಲೆಬನಾನಿನ ಗಾಯಕಿ ಫೈರೂಝ್ ಅವರ ಹಾಡೊಂದರ ಧಾಟಿ ಅದೇ. ನಮಗೂ ಅದು ಪರಕೀಯವಲ್ಲ. 1961ರ ‘ಛಾಯಾ’ ಹಿಂದಿ ಚಿತ್ರದಲ್ಲಿ ಸಲಿಲ್ ಚೌಧುರಿ ಅದೇ ಸ್ವರಗಳಿಂದ ಕಟ್ಟಿದ ಹಾಡನ್ನು ತಲತ್ ಮಹಮೂದ್ ಮತ್ತು ಲತಾ ಮಂಗೇಶ್ಕರ್ ಕಂಠದಲ್ಲಿ ನಾವು ರೇಡಿಯೊದಲ್ಲಿ ಎಷ್ಟು ಸಲ ಕೇಳಿಲ್ಲ! ವಿಯೆನ್ನಾದಲ್ಲಿ 1788ರಲ್ಲಿ ಬರೆದ ಸ್ವರ ಬೈರೂತಿಗೂ ಮುಂಬೈಗೂ ಬಂದು ನೆಲೆಸಲು ಯಾರ ಪರವಾನಗಿಯೂ ಬೇಕಾಗಲಿಲ್ಲ. ಅದನ್ನು ನುಡಿಸುವವರು ಗಾಝಾಕ್ಕೆ ಹೋಗಲು ಮಾತ್ರ ಎಲ್ಲರ ಪರವಾನಗಿಯೂ ಬೇಕಾಯಿತು.

ಆಕ್ಷೇಪಗಳು

ಬ್ಯಾರೆನ್‌ಬಾಯ್ಮ್ ಅವರನ್ನು ಟೀಕಿಸುವವರು ಇಸ್ರೇಲಿನಲ್ಲಿ ಮಾತ್ರ ಇಲ್ಲ. ಫೆಲೆಸ್ತೀನಿನ ಸಾಂಸ್ಕೃತಿಕ ಬಹಿಷ್ಕಾರ ಚಳವಳಿಯವರು ದಿವಾನ್ ಮೇಳವನ್ನೂ ವಿರೋಧಿಸಿದ್ದಾರೆ. ಆಕ್ರಮಿಸಿದವನನ್ನೂ ಆಕ್ರಮಣಕ್ಕೊಳಗಾದವನನ್ನೂ ಅಕ್ಕಪಕ್ಕ ಕೂರಿಸಿದರೆ ಇಬ್ಬರೂ ಸಮಾನ ಸ್ಥಿತಿಯಲ್ಲಿದ್ದಾರೆ ಎಂಬ ಭ್ರಮೆ ಹುಟ್ಟುತ್ತದೆ, ಅನ್ಯಾಯ ಮಾಮೂಲಿಯಾಗಿ ಕಾಣುತ್ತದೆ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ವೇದಿಕೆಯ ಮೇಲಿನ ಸಮಾನತೆ ಚೆಕ್‌ಪೋಸ್ಟಿನಲ್ಲಿ ಇಲ್ಲ. ಕಛೇರಿ ಮುಗಿದ ಮೇಲೆ ಒಬ್ಬ ವಾದಕ ವಿಮಾನ ನಿಲ್ದಾಣಕ್ಕೆ, ಇನ್ನೊಬ್ಬ ತಪಾಸಣೆಯ ಸರದಿಗೆ ಹೋಗುತ್ತಾನೆ. ಸೌಹಾರ್ದ ಸಭೆಗಳನ್ನು ನಾವೂ ಸಾಕಷ್ಟು ಕಂಡಿದ್ದೇವೆ. ನ್ಯಾಯದ ಪ್ರಶ್ನೆ ಎತ್ತದ ಸೌಹಾರ್ದ ಶಾಲು ಹೊದಿಸಿ ಫೋಟೊ ತೆಗೆಯುವುದರಲ್ಲೇ ಮುಗಿಯುತ್ತದೆ ಎಂಬುದನ್ನು ಬಲ್ಲೆವು.

ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಬ್ಯಾರೆನ್‌ಬಾಯ್ಮ್ ಸೌಹಾರ್ದದ ಮಾತಿನ ಹಿಂದೆ ಆಕ್ರಮಣವನ್ನು ಅಡಗಿಸಲಿಲ್ಲ. ಅದು ಕೊನೆಗೊಳ್ಳಬೇಕು ಎಂದು ಬರ್ಲಿನ್ನಿನಲ್ಲಿ, ಜೆರುಸಲೇಮಿನಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಸ್ಪಷ್ಟವಾಗಿ ಹೇಳಿದರು. ಅದರ ಬೆಲೆಯನ್ನೂ ತೆತ್ತರು.

ಸ್ವಭಾವದ ಬಗೆಗೂ ದೂರುಗಳಿವೆ. 2019ರಲ್ಲಿ ಬರ್ಲಿನ್ ವಾದ್ಯವೃಂದದ ಕೆಲವು ಹಾಲಿ ಮತ್ತು ಮಾಜಿ ಸದಸ್ಯರು, ಅವರು ಎಲ್ಲರೆದುರು ಅವಮಾನಿಸುವಂತೆ ಗದರುತ್ತಾರೆ ಎಂದು ಆರೋಪಿಸಿದರು. ಅವರು ಆರೋಪವನ್ನು ಅಲ್ಲಗಳೆದರು, ಸಂಸ್ಥೆ ಅವರ ಅವಧಿಯನ್ನು ವಿಸ್ತರಿಸಿತು. ಕೇಳಿಸಿಕೊಳ್ಳುವ ಕಲೆಯ ಬಗ್ಗೆ ಇಷ್ಟು ಬರೆದವರ ಮೇಲೇ ಈ ದೂರು ಬಂದದ್ದು ಯೋಚಿಸತಕ್ಕ ಸಂಗತಿ.

ಬೆರಳುಗಳು ಸೋತ ಮೇಲೆ

2016ರಲ್ಲಿ ಬರ್ಲಿನ್ನಿನಲ್ಲಿ ಬ್ಯಾರೆನ್‌ಬಾಯ್ಮ್-ಸೈದ್ ಅಕಾಡೆಮಿ ವಿಧ್ಯುಕ್ತವಾಗಿ ತೆರೆಯಿತು. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ವಿದ್ಯಾರ್ಥಿಗಳು ಅಲ್ಲಿ ಸಂಗೀತದ ಜೊತೆಗೆ ತತ್ವಶಾಸ್ತ್ರ, ಇತಿಹಾಸವನ್ನೂ ಓದುತ್ತಾರೆ. ಮರುವರ್ಷ ಅದೇ ಕಟ್ಟಡದಲ್ಲಿ ಪಿಯರ್ ಬುಲೇಝ್ ಹೆಸರಿನ ಸಭಾಂಗಣ ಆರಂಭವಾಯಿತು. ಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅದರ ವಿನ್ಯಾಸವನ್ನು ಸಂಭಾವನೆ ಪಡೆಯದೆ ಮಾಡಿಕೊಟ್ಟರು.

2022ರ ಅಕ್ಟೋಬರಿನಲ್ಲಿ ಬ್ಯಾರೆನ್‌ಬಾಯ್ಮ್ ತನಗೆ ಗಂಭೀರ ನರಸಂಬಂಧಿ ಕಾಯಿಲೆ ಇರುವುದನ್ನು ಪ್ರಕಟಿಸಿದರು. 2023ರ ಜನವರಿಯಲ್ಲಿ ಬರ್ಲಿನ್ ಒಪೆರಾದ ಹೊಣೆಯನ್ನು ಬಿಟ್ಟುಕೊಟ್ಟರು. ಕಾಯಿಲೆ ಪಾರ್ಕಿನ್ಸನ್ಸ್ ಎಂದು 2025ರ ಫೆಬ್ರವರಿಯಲ್ಲಿ ತಿಳಿಸಿದರು. ನರಗಳ ಕಾಯಿಲೆ ಬೆರಳುಗಳನ್ನು ಕಸಿಯುವುದನ್ನು ಅವರು ಅರ್ಧ ಶತಮಾನದ ಹಿಂದೆ ತನ್ನ ಮನೆಯಲ್ಲೇ ಕಂಡಿದ್ದರು.

2023ರ ಅಕ್ಟೋಬರ್ 7ರ ದಾಳಿ ಮತ್ತು ಆ ನಂತರ ಗಾಝಾದ ಮೇಲೆ ನಡೆದ ಸಂಹಾರದಲ್ಲಿ ಹತ್ತಾರು ಸಾವಿರ ಜೀವಗಳು ಹೋದವು. ಮೊಝಾರ್ಟ್ ಕೇಳಿದ್ದ ಆ ಊರು ಕಲ್ಲುಮಣ್ಣಿನ ರಾಶಿಯಾಯಿತು. ಆ ವರ್ಷದ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿಗೆ ಬ್ಯಾರೆನ್‌ಬಾಯ್ಮ್ ಮತ್ತು ಫೆಲೆಸ್ತೀನಿನ ಅಹಿಂಸಾ ಹೋರಾಟಗಾರ ಅಲಿ ಅಬು ಅವ್ವಾದ್ ಜೊತೆಯಾಗಿ ಆಯ್ಕೆಯಾದರು. ನಮ್ಮ ದೇಶದಿಂದ ಹೋದ ಆ ಗೌರವದ ಸುದ್ದಿ ಯುದ್ಧದ ಸುದ್ದಿಗಳ ನಡುವೆ ಎಲ್ಲೋ ಮರೆಯಾಯಿತು.

ಹಾಗಾದರೆ ಇಷ್ಟೆಲ್ಲ ನುಡಿಸಿ ಏನು ಬಂತು ಎಂದು ಯಾರಾದರೂ ಕೇಳಬಹುದು. ಪಿಯಾನೊ ಯಾವ ಗೋಡೆಯನ್ನೂ ಬೀಳಿಸಲಿಲ್ಲ, ಯಾವ ಬಾಂಬನ್ನೂ ತಡೆಯಲಿಲ್ಲ. ಅದು ಸರಕಾರಗಳು ಮಾಡಬೇಕಾದ ಕೆಲಸ, ಅವು ಮಾಡಲಿಲ್ಲ. ವಾದಕನ ಕೈಲಿ ಆಗಬಹುದಾಗಿದ್ದದ್ದು ಎರಡು: ಎದುರು ಬದಿಯವರನ್ನು ಮನುಷ್ಯರೆಂದು ಕಂಡು ಅವರ ಅಂಗಳಕ್ಕೆ ಹೋಗಿ ನುಡಿಸುವುದು, ತನ್ನ ಬದಿಯವರಿಗೆ ಅವರ ತಪ್ಪನ್ನು ಮುಖಕ್ಕೆ ಹೇಳುವುದು. ಎರಡರಲ್ಲಿ ಒಂದನ್ನು ಮಾಡುವವರು ಎಲ್ಲ ಕಡೆಯೂ ಸಿಗುತ್ತಾರೆ. ಎರಡನ್ನೂ ಮಾಡಿದವರು ನಮ್ಮ ಊರು, ನಮ್ಮ ಸಮುದಾಯಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನಾವು ಎಣಿಸಿ ನೋಡಬೇಕು.